ಮೈಕ್ ಇಳಿಸಿದೆವು, ಶ್ರುತಿ ಇಳಿಸಿದೆವು, ಸಭೆ ಹಾಡತೊಡಗಿತು: ನನ್ನ ಅನುಭವ

ನಮ್ಮ ಚರ್ಚಿನ ಸಭೆಯಲ್ಲಿ ಈಗ ಹಿಂದಿನ ಬೆಂಚಿನವರೂ ಹಾಡುತ್ತಾರೆ. ಗಂಡಸರೂ ಹಾಡುತ್ತಾರೆ. ನನ್ನಂತೆ ಕ್ವಾಯರ್ (ಚರ್ಚಿನ ಹಾಡುಗಾರರ ತಂಡ) ನಡೆಸುವವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಗೊತ್ತು. ಇದನ್ನು ಹೇಗೆ ಮಾಡುತ್ತೇನೆ ಎಂದು ಹೇಳಿದಾಗ ಸುತ್ತಲಿನ ಸಭೆಗಳ ಹಾಡುಗಾರರು ನಕ್ಕಿದ್ದರು. ಅವರಲ್ಲೇ ಇಬ್ಬರು ಮೂವರು ಈಗ ಒಂದು ಭಾನುವಾರ ಬಂದು ಕೂತು ನೋಡಿ ಹೋಗಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಅದನ್ನೇ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಗದಗ ಸೀಮೆಯ ಹಳೆಯ ಸಭೆ. ಭಾನುವಾರ ನೂರೈವತ್ತು ಜನರ ಆಸುಪಾಸು, ಹಬ್ಬಕ್ಕೆ ಅದರ ಎರಡರಷ್ಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಆಮೇಲೆ ಧಾರವಾಡ, ಬೆಟಗೇರಿ ಕಡೆಗೂ ಬಂದರಲ್ಲ, ಅವರು ಬಿಟ್ಟುಹೋದ ಜರ್ಮನ್ ರಾಗಗಳು ನಮ್ಮ ಹಿರಿಯರಿಗೆ ಇನ್ನೂ ಬಾಯಿಪಾಠ. ಆದರೆ ಅವು ನಮಗೆ ಬಂದಿರುವುದು ನಾಲ್ಕು ದನಿಗಳ ಕ್ವಾಯರಿಗೆ ಹೊಂದಿಸಿದ ರೂಪದಲ್ಲಿ. ಮೇಲಿನ ದನಿ ಮೇಲೆಯೇ ಓಡಾಡುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ, ಬರೀ ಚಹಾ ಕುಡಿದು ಬಂದ ಗಂಟಲಿಗೆ ಅದು ಎಲ್ಲಿ ಸಿಗಬೇಕು?

ಮೊದಲು ಎಲ್ಲರಂತೆ ನಾವೂ ದುಡ್ಡು ಸುರಿದೆವು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯೇ ಮೂರು ಸಾವಿರಕ್ಕೆ ಹೋಗಿತ್ತು, ಜನ ಅಷ್ಟು ಹುರುಪಿನಲ್ಲಿದ್ದರು. ಆ ದುಡ್ಡಿಗೆ ಇನ್ನಷ್ಟು ಕೂಡಿಸಿ ಕೀಬೋರ್ಡಿಗೆ ಇಪ್ಪತ್ತೆರಡು ಸಾವಿರ, ಮಿಕ್ಸರಿಗೆ ಹದಿನಾಲ್ಕು ಹದಿನೈದು, ಜೋಡಿ ಸ್ಪೀಕರಿಗೆ ಮೂವತ್ತು ಕೊಟ್ಟೆವು. ನಾಲ್ಕು ಮೈಕು, ಸ್ಟ್ಯಾಂಡು, ವೈರು ಬೇರೆ. ಒಂದು ಲಕ್ಷ ಮುಟ್ಟಲಿಕ್ಕೆ ಸ್ವಲ್ಪ ಕಡಿಮೆ. ಮೊದಲ ವಾರ ಎಲ್ಲರೂ ಮೆಚ್ಚಿದರು. ಮೂರನೇ ವಾರಕ್ಕೆ ಸಭೆ ಪೂರ್ತಿ ಸುಮ್ಮನಾಗಿತ್ತು. ಮುಂದೆ ನಾಲ್ಕು ಜನ ಮೈಕ್ ಹಿಡಿದು ಅಷ್ಟು ಚೆನ್ನಾಗಿ ಹಾಡುವಾಗ ಬೆಂಚಿನಲ್ಲಿ ಕೂತವರು ಯಾಕೆ ಬಾಯಿ ತೆರೆಯಬೇಕು? ಕೀಬೋರ್ಡಿನ ರೆಡಿಮೇಡ್ ತಾಳ ಇನ್ನೂ ಕೆಡಿಸಿತು. ಅದು ಯಾರಿಗೂ ಕಾಯುವುದಿಲ್ಲ. ನಮ್ಮ ಅಜ್ಜಿಯರು ಪ್ರತಿ ಸಾಲಿನ ಕೊನೆಗೆ ಒಂದು ಉಸಿರು ತೆಗೆದುಕೊಳ್ಳುತ್ತಾರೆ, ಅಷ್ಟರಲ್ಲಿ ಮಷೀನು ಮುಂದಿನ ಸಾಲಿಗೆ ಹೋಗಿರುತ್ತದೆ.

ಆಮೇಲೆ ಪ್ರೊಜೆಕ್ಟರ್ ತಂದರು. ಅದು ನನ್ನ ಸಲಹೆ ಅಲ್ಲ, ಕಮಿಟಿಯದು. ಸುಮಾರು ಮೂವತ್ತೈದು ಸಾವಿರ. ಹಾಡುಗಳೆಲ್ಲ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದವು. ಬೇರೆ ಲ್ಯಾಪ್‌ಟಾಪಿಗೆ ಹಾಕಿದಾಗ ಗೋಡೆಯ ಮೇಲೆ ಅಕ್ಷರಗಳ ಚಿಂದಿ ಕಾಣಿಸಿತು. ಮತ್ತೆ ಎಲ್ಲ ಯುನಿಕೋಡಿನಲ್ಲಿ ಟೈಪ್ ಮಾಡಲು ಯುವಕರು ಒಂದು ಮಳೆಗಾಲ ಕಳೆದರು. ಜನ ತಲೆ ಎತ್ತಿ ಓದಿದರು, ಹಾಡಲಿಲ್ಲ.

ಆಗ ನಾನು ಒಂದು ಕೆಲಸ ಮಾಡಿದೆ. ಆರಾಧನೆ ಮುಗಿದ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂತು, ಕ್ವಾಯರಿನಲ್ಲಿ ಇಲ್ಲದವರನ್ನು ಹಿಡಿದು ಹಿಡಿದು ಹಾಡಿಸಿದೆ. ಹೆಚ್ಚಿನ ಹೆಂಗಸರು ತಾರದ ಬಿಳಿ ಒಂದರ ತನಕ, ಅಂದರೆ ಮೇಲಿನ ಸಪ್ತಕದ ಮೊದಲ ಬಿಳಿ ಕೀಲಿಯ ತನಕ, ಆರಾಮ. ಬಿಳಿ ಎರಡಕ್ಕೆ ಹೋದರೆ ಕುತ್ತಿಗೆಯ ನರ ಕಾಣುತ್ತದೆ. ಕಪ್ಪು ಎರಡು ಬಂದರೆ ಬಾಯಿ ಮುಚ್ಚುತ್ತಾರೆ. ಗಂಡಸರದೂ ಒಂದು ಸಪ್ತಕ ಕೆಳಗೆ ಹೆಚ್ಚುಕಡಿಮೆ ಇದೇ ಕಥೆ. ನಮ್ಮ ಪುಸ್ತಕದ ಹಾಡುಗಳಲ್ಲಿ ಅರ್ಧಕ್ಕರ್ಧ ಈ ಗಡಿ ದಾಟುತ್ತವೆ. ಸರಿ, ಅಂದಿನಿಂದ ನಾನು ಷಡ್ಜ (ಸರಿಗಮದ ಸ) ನೋಡಿ ಶ್ರುತಿ ಇಡುವುದು ಬಿಟ್ಟೆ. ಹಾಡಿನ ಅತಿ ಎತ್ತರದ ಸ್ವರ ಯಾವುದು ಎಂದು ನೋಡುತ್ತೇನೆ, ಅದನ್ನು ಬಿಳಿ ಒಂದಕ್ಕೆ ಕೂರಿಸುತ್ತೇನೆ, ಉಳಿದದ್ದು ತಾನಾಗಿ ಬರುತ್ತದೆ. ಗಡಿ ದಾಟುತ್ತಿದ್ದ ಹೆಚ್ಚಿನ ಹಾಡುಗಳು ಮೂರು ನಾಲ್ಕು ಪಟ್ಟಿ (ಕೀಲಿ) ಕೆಳಗಿಳಿದವು. ಕೆಳಗಿನ ಗಡಿಯನ್ನೂ ನೋಡಬೇಕು. ಮಂದ್ರದ, ಅಂದರೆ ಕೆಳಗಿನ ಸಪ್ತಕದ, ಬಿಳಿ ಆರಕ್ಕಿಂತ ಕೆಳಗೆ ಹೋದರೆ ಹೆಂಗಸರ ದನಿ ಗಾಳಿಯಾಗುತ್ತದೆ. ಎರಡೂ ಕಡೆ ಗಡಿ ದಾಟುವ ಹಾಡನ್ನು ಕ್ವಾಯರಿಗೆ ಮಾತ್ರ ಇಟ್ಟುಕೊಳ್ಳಿ, ಸಭೆಗೆ ಕೊಡಬೇಡಿ.

ನಮ್ಮ ಸೊಪ್ರಾನೊ (ಮೇಲಿನ ದನಿ) ಅಕ್ಕನವರು ಸಿಟ್ಟಾದರು. "ಇಷ್ಟ ಕೆಳಗ ಹಾಡಿದ್ರ ಹಾಡ ಸತ್ತ ಹೋಗತೈತಿ, ಮಾಸ್ತರ" ಎಂದರು. ಒಂದು ತಿಂಗಳು ಪ್ರಾಕ್ಟೀಸಿಗೆ ಬರಲಿಲ್ಲ.

ಎರಡನೇ ಹೆಜ್ಜೆಗೆ ಇನ್ನೂ ದೊಡ್ಡ ಗಲಾಟೆ. ಕ್ವಾಯರನ್ನು ಮುಂದಿನಿಂದ ಎಬ್ಬಿಸಿ ಸಭೆಯ ನಡುವೆ ಹಂಚಿದೆ. ಪ್ರತಿ ಮೂರನೇ ಬೆಂಚಿಗೆ ಇಬ್ಬರು, ಅದೂ ಬೆಂಚಿನ ನಡುವೆ, ತುದಿಯಲ್ಲಲ್ಲ. ಮೈಕ್ ಒಂದೇ. ಅದೂ ಮೊದಲ ಚರಣಕ್ಕೆ ಮಾತ್ರ, ಆಮೇಲೆ ಬಂದ್. ಕಮಿಟಿ ಮೀಟಿಂಗಿನಲ್ಲಿ ಖಜಾಂಚಿಯವರು "ಲಕ್ಷ ರೂಪಾಯಿ ಸಾಮಾನಿಗೆ ಅರಿವಿ ಹೊಚ್ಚಿ ಇಡ್ತೀರೇನ್ರಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಅಯ್ಯನವರು (ಪಾಸ್ಟರ್) ನಡುವೆ ಬಂದು ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಮುಗಿಯುವ ತನಕ ಮಾಡಿ ನೋಡಲಿ ಎಂದರು. ಅದೂ ಜಾಣತನ. ಶ್ರಮೆಯ ದಿನಗಳಲ್ಲಿ ಹೇಗೂ ಅಬ್ಬರ ಕಡಿಮೆ ಇರಬೇಕು, ಯಾರೂ ಬೇಡ ಎನ್ನುವಂತಿಲ್ಲ.

ಮೊದಲ ವಾರಗಳು ಕಷ್ಟದವು. ಹಿಂದಿನವರು ಮುಂದಿನವರಿಗಿಂತ ಅರ್ಧ ಮಾತ್ರೆ ತಡವಾಗಿ ಬರುತ್ತಿದ್ದರು. ಶಬ್ದ ಸೆಕೆಂಡಿಗೆ 340 ಮೀಟರಿನಷ್ಟು ಹೋಗುತ್ತದೆ, ನಮ್ಮ ಚರ್ಚು ಎಂಬತ್ತು ಅಡಿ ಉದ್ದ ಇರಬಹುದು. ಲೆಕ್ಕಕ್ಕೆ ಅದು ಏನೂ ಅಲ್ಲ. ಆದರೆ ಹಿಂದಿನ ಬೆಂಚಿನವರು ಅದಕ್ಕೆ ತಮ್ಮ ಆಲಸ್ಯವನ್ನೂ ಸೇರಿಸುತ್ತಾರೆ. ಹಾರ್ಮೋನಿಯಮ್ಮನ್ನು ಮುಂದಿನಿಂದ ತೆಗೆದು ಪಕ್ಕದ ದಾರಿಯಲ್ಲಿ, ಉದ್ದದ ಸರಿಯಾಗಿ ನಡುವೆ ಇಟ್ಟಾಗ ಅರ್ಧ ಸರಿಹೋಯಿತು. ಹಿಂದೆ ಕೂರುವ ಇಬ್ಬರು ಕ್ವಾಯರಿನವರಿಗೆ ಒಂದು ಕೂದಲೆಳೆಯಷ್ಟು ಮುಂಚೆ ಹಾಡಿ ಎಂದು ಹೇಳಿಕೊಟ್ಟಾಗ ಉಳಿದದ್ದು ಸರಿಹೋಯಿತು. ಇದು ರೂಢಿಗೆ ಬರಲು ಗಟ್ಟಿ ಲಯದವರೇ ಬೇಕು. ಒಳ್ಳೆಯ ದನಿಯವರನ್ನು ಮುಂದೆ ಕೂರಿಸಿ, ಒಳ್ಳೆಯ ತಾಳದವರನ್ನು ಹಿಂದೆ.

ಹಾರ್ಮೋನಿಯಂ ಉಗ್ರಾಣದಲ್ಲಿ ಬಿದ್ದಿದ್ದ ಹಳೆಯದೇ. ಇಲಿ ತಿದಿ ಕಡಿದಿತ್ತು. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಊರು ನಮ್ಮದು, ವಾದ್ಯ ರಿಪೇರಿ ಮಾಡುವವರಿಗೆ ಬರವಿಲ್ಲ. ತಿದಿ, ಎರಡು ರೀಡು, ಶ್ರುತಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಒಂದು ಎಚ್ಚರಿಕೆ. ಹಳೆಯ ಪೆಟ್ಟಿಗೆಯ ಶ್ರುತಿ ಕೀಬೋರ್ಡಿಗೆ ಕೂಡುವುದಿಲ್ಲ. ಕೂಡಿಸಿ ನುಡಿಸಬೇಕೆಂದಿದ್ದರೆ ರೀಡು ಕೆರೆಯಲು ಹೋಗಬೇಡಿ, ಕೀಬೋರ್ಡಿನ ಟ್ಯೂನಿಂಗನ್ನೇ ಹಾರ್ಮೋನಿಯಮ್ಮಿಗೆ ತನ್ನಿ. ಎರಡು ನಿಮಿಷದ ಕೆಲಸ, ಪುಕ್ಕಟೆ.

ಶುಭ ಶುಕ್ರವಾರ ಪರೀಕ್ಷೆ ಆಯಿತು. ಹನ್ನೆರಡರಿಂದ ಮೂರರ ತನಕ ಆರಾಧನೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳು, ಒಂದೊಂದರ ನಡುವೆ ಹಾಡು. ಹಿಂದಿನ ವರ್ಷಗಳಲ್ಲಿ ನಾಲ್ಕನೇ ಮಾತಿಗೇ ಸಭೆಯ ಗಂಟಲು ಕಟ್ಟಿ ಕ್ವಾಯರ್ ಒಂದೇ ಎಳೆಯುತ್ತಿತ್ತು. ಈ ಸಲ ಏಳನೆಯದು ಮೊದಲನೆಯದಕ್ಕಿಂತ ಗಟ್ಟಿಯಾಗಿ ಬಂತು. ಉಪವಾಸದ ಹೊಟ್ಟೆಯಲ್ಲಿ! ಖಜಾಂಚಿಯವರು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಕಡೆ ನೋಡಿ ಗೋಣು ಹಾಕಿದರು. ನನಗೆ ಅಷ್ಟು ಸಾಕಿತ್ತು. ಈಸ್ಟರ್ ಆದ ಮೇಲೂ ಯಾರೂ ನಿಲ್ಲಿಸಿ ಎನ್ನಲಿಲ್ಲ. ಅಕ್ಕನವರೂ ವಾಪಸ್ ಬಂದರು, ಈಗ ಐದನೇ ಬೆಂಚು ಅವರದು.

ಧೈರ್ಯ ಬಂದ ಮೇಲೆ ಬೇರೆ ಬೇರೆ ಪ್ರಯೋಗ ಮಾಡಿದೆ. ಪರಿಚಯದ ತಬಲಾ ಮೇಷ್ಟ್ರನ್ನು ಕರೆದು ಮೂರು ಎಣಿಕೆಯ ರಾಗಗಳಿಗೆ ದಾದ್ರಾ ತಾಳ, ನಾಲ್ಕು ಎಣಿಕೆಯವಕ್ಕೆ ಕೆಹರವಾ ತಾಳ ಹಾಕಿಸಿದೆ. ದಾದ್ರಾ ತುಂಬಾ ಚೆನ್ನಾಗಿ ಕೂತಿತು. ಜರ್ಮನ್ ರಾಗಗಳಲ್ಲಿ ಸಾಲಿನ ಕೊನೆಗೆ ಎಳೆದು ನಿಲ್ಲಿಸುವ ಜಾಗ ಇರುತ್ತದಲ್ಲ, ಅಲ್ಲಿ ಕೆಹರವಾ ತಪ್ಪಿಹೋಗುತ್ತದೆ. ಅವಕ್ಕೆ ತಬಲಾ ಬೇಡವೇ ಬೇಡ. ಐದೇ ಸ್ವರಗಳಲ್ಲಿ ನಡೆಯುವ ಕೆಲವು ಇಂಗ್ಲಿಷ್ ರಾಗಗಳಿಗೆ ಮುಂಚೆ, ಐದೇ ಸ್ವರಗಳ ನಮ್ಮ ಭೂಪ ರಾಗದಲ್ಲಿ ಅರ್ಧ ನಿಮಿಷ ಆಲಾಪ ಮಾಡಿದೆ. ಒಬ್ಬ ಹಿರಿಯರು "ಇದು ಗುಡಿ ಹಾಡ ಆತಲ್ಲ" ಎಂದರು. ಕನ್ನಡ ನಿಘಂಟು ಬರೆದ ಬಾಸೆಲ್ ಮಿಷನ್ನಿನ ಕಿಟೆಲ್ಲರೇ 1862ರಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದಿದ್ದಾರೆ, ಅವರಿಗೇ ಅಡ್ಡಿ ಇರಲಿಲ್ಲ ಎಂದು ಹೇಳಿದೆ. ಆ ಹಿರಿಯರಿಗೆ ಒಪ್ಪಿಗೆ ಆಗಲಿಲ್ಲ. ಆಲಾಪವನ್ನು ಕಾಣಿಕೆ ಎತ್ತುವ ಹೊತ್ತಿಗೆ ಬದಲಿಸಿದೆ, ಈಗ ಯಾರೂ ಏನೂ ಅನ್ನುವುದಿಲ್ಲ.

ಆಲ್ಟೊ (ಹೆಂಗಸರ ಕೆಳದನಿ) ಕಲಿಸಲು ಹಳಬರು ಡೊ ರೆ ಮಿ ಬಳಸುತ್ತಿದ್ದರು. ಹೊಸ ಹುಡುಗಿಯರಿಗೆ ಅದು ಹತ್ತಲಿಲ್ಲ, ಸರಿಗಮ ಬರೆದುಕೊಟ್ಟರೆ ಬೇಗ ಹಿಡಿಯುತ್ತಾರೆ. ಅವರಲ್ಲಿ ಅರ್ಧ ಜನ ಶಾಲೆಯಲ್ಲೇ ಅದನ್ನು ಕಲಿತಿರುತ್ತಾರೆ.

ಹೊಸ ಹಾಡನ್ನು ನಾನು ನೇರವಾಗಿ ಸಭೆಗೆ ಇಳಿಸುವುದಿಲ್ಲ. ಎರಡು ವಾರ ಕಾಣಿಕೆಯ ಹೊತ್ತಿಗೆ ಬರೀ ರಾಗ ನುಡಿಸುತ್ತೇನೆ. ಆಮೇಲೆ ಒಂದು ವಾರ ಕ್ವಾಯರ್ ಹಾಡುತ್ತದೆ. ಮುಂದಿನ ವಾರ ಸಭೆಗೆ ಪಲ್ಲವಿ ಮಾತ್ರ. ಅಷ್ಟರಲ್ಲಿ ಮಕ್ಕಳು ಹೊರಗೆ ಆಟದಲ್ಲೂ ಹಾಡುತ್ತಿರುತ್ತಾರೆ. ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಬೇಡ.

ಗಂಡಸರನ್ನು ಹಾಡಿಸಲು ಮಾತ್ರ ಎರಡನೇ ಚರಣಕ್ಕೆ ಮುಂಚೆ ಹಾರ್ಮೋನಿಯಮ್ಮಿನಲ್ಲಿ ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದನ್ನು ಬರೆಯುವುದಿಲ್ಲ. ಬಂದು ನನ್ನ ಎಡಗೈ ನೋಡಿ.

ಸ್ಪೀಕರುಗಳು ಈಗ ಅಯ್ಯನವರ ಪ್ರಸಂಗಕ್ಕೆ, ಮದುವೆಗೆ ಉಪಯೋಗ ಆಗುತ್ತವೆ. ಎರಡು ಮೈಕ್ ಇನ್ನೊಂದು ಸಭೆಗೆ ಅರ್ಧ ಬೆಲೆಗೆ ಕೊಟ್ಟೆವು. ವರ್ಷದ ಖರ್ಚು ಎಂದರೆ ಹಾರ್ಮೋನಿಯಂ ಶ್ರುತಿಗೆ ಏಳೆಂಟು ನೂರು, ತಬಲಾ ಮೇಷ್ಟ್ರಿಗೆ ಹಬ್ಬದ ಗೌರವಧನ, ಅಷ್ಟೇ.

ಈ ವಿಧಾನ ನಡೆಯದ ಜಾಗ ಒಂದಿದೆ, ಮನೆಮನೆಗೆ ಹೋಗಿ ಹಾಡುವ ಕ್ರಿಸ್ಮಸ್ ಕ್ಯಾರಲ್. ರಸ್ತೆಯಲ್ಲಿ, ನಾಯಿ ಬೊಗಳುವ ನಡುವೆ, ಡಿಸೆಂಬರಿನ ಚಳಿಯಲ್ಲಿ ಹಾರ್ಮೋನಿಯಂ ಎರಡನೇ ಮನೆಗೂ ಕೇಳುವುದಿಲ್ಲ. ಅಲ್ಲಿ ಬ್ಯಾಟರಿ ಸ್ಪೀಕರ್ ಬೇಕೇ ಬೇಕು. ಆರು ಸಾವಿರದ್ದು ತಂದಿದ್ದೇವೆ, ಒಂದು ರಾತ್ರಿಗೆ ನಾಲ್ಕು ಗಂಟೆ ಬರುತ್ತದೆ. ಐದನೇ ಗಂಟೆಗೆ ಹುಡುಗರ ಗಂಟಲೇ ಗತಿ.