ಮುತ್ತಜ್ಜ ಯಾರ ಮಗ? ಹೊಲದ ಕಾಗದದಿಂದ ಡಿಎನ್‌ಎವರೆಗೆ

‘ಹಳೇ ಜನಗಣತಿ ಪಟ್ಟಿಯಲ್ಲಿ ಮುತ್ತಜ್ಜನ ಹೆಸರು ಹುಡುಕಬಹುದಲ್ವಾ?’ ಮನೆತನದ ಬೇರು ಹುಡುಕಲು ಹೊರಟವರು ಮೊದಲು ಕೇಳುವ ಪ್ರಶ್ನೆ ಇದು. ಇಂಗ್ಲೆಂಡಿನಲ್ಲಿ ಹುಡುಕಬಹುದು. ಅಲ್ಲಿ 1921ರ ಗಣತಿಯ ಮನೆಮನೆ ಹಾಳೆಗಳನ್ನು 2022ರಲ್ಲಿ ಎಲ್ಲರಿಗೂ ತೆರೆದರು. ಅಮೆರಿಕದಲ್ಲಿ 72 ವರ್ಷ ಕಳೆದರೆ ಸಾಕು. ನಮ್ಮಲ್ಲಿ ಆಗುವುದಿಲ್ಲ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ, ಆದರೆ ನಮ್ಮ ಕೈಗೆ ಸಿಗುವುದು ಅಂಕಿಅಂಶದ ಕೋಷ್ಟಕ ಮಾತ್ರ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಮನೆಯ ವಿವರವಿರುವ ಹಾಳೆಯನ್ನು ಯಾರೂ ನೋಡುವಂತಿಲ್ಲ. ನಿಮ್ಮ ಊರಲ್ಲಿ ಎಷ್ಟು ಮನೆ ಇದ್ದವು ಎಂದು ಗಣತಿ ಪುಸ್ತಕ ಹೇಳುತ್ತದೆ. ಆ ಮನೆಗಳಲ್ಲಿ ಯಾರಿದ್ದರು ಎಂದು ಹೇಳುವುದಿಲ್ಲ.

ಹಾಗಂತ ಕೈಚೆಲ್ಲಬೇಕಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸರ್ಕಾರ ಜನರ ಹೆಸರು ಬರೆದಿಟ್ಟಿದ್ದು ಹೊಲದ ಲೆಕ್ಕದಲ್ಲಿ. ಕಂದಾಯ ಕಟ್ಟುವವ ಸತ್ತರೆ ಮುಂದೆ ಯಾರು ಕಟ್ಟುತ್ತಾರೆ ಎಂಬುದು ಸರ್ಕಾರಕ್ಕೆ ಬೇಕಿತ್ತು. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು. ಡಿಎನ್‌ಎ ಪರೀಕ್ಷೆ ಕೊನೆಗೆ. ಈಗ ಜಾಸ್ತಿ ಜನ ಉಲ್ಟಾ ಮಾಡುತ್ತಾರೆ. ಮೊದಲು ಕಿಟ್ ತರಿಸಿ, ಉಗುಳು ಕೊಟ್ಟು, ಆಮೇಲೆ ಬಂದ ಫಲಿತಾಂಶ ಏನು ಹೇಳುತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತಾರೆ.

1. ಅನುಮಾನ ಏನು ಎಂದು ಒಂದು ಸಾಲಿನಲ್ಲಿ ಬರೆಯಿರಿ

‘ಮುತ್ತಜ್ಜನ ಬಗ್ಗೆ ಏನೋ ಕಥೆ ಇದೆ’ ಎಂದರೆ ಸಾಲದು. ದತ್ತು ಬಂದವನೇ? ತಾಯಿ ಉಡಿಕೆಯಾಗಿ, ಅಂದರೆ ಮರುಮದುವೆಯಾಗಿ, ಎರಡನೇ ಮನೆಗೆ ಬಂದಾಗ ಮೊದಲ ಗಂಡನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳೇ? ಮನೆಅಳಿಯನ ಮಗನಾಗಿ ತಾಯಿಯ ಮನೆತನದ ಹೆಸರು ಹಿಡಿದನೇ? ಇಬ್ಬರು ಹೆಂಡಿರಲ್ಲಿ ಯಾರ ಮಗ? ತಾಯಿ ದೇವದಾಸಿಯಾಗಿದ್ದು ತಂದೆಯ ಹೆಸರೇ ಬರೆಸಿರಲಿಲ್ಲವೇ? ಒಂದೊಂದು ಪ್ರಶ್ನೆಗೂ ಬೇರೆ ಕಾಗದ, ಬೇರೆ ಪರೀಕ್ಷೆ.

ಇಲ್ಲಿ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಕುಷ್ಟಗಿ ಕಡೆಯ ಹಳ್ಳಿ. ಮುತ್ತಜ್ಜ ಹುಟ್ಟಿದ್ದು ಸುಮಾರು 1918ರಲ್ಲಿ. ಊರಿನ ದೊಡ್ಡ ಮನೆಯವನ ಮಗ ಎಂದು ಒಬ್ಬರು, ತುಂಗಭದ್ರಾ ಹೊಳೆಯಾಚೆ ಹಡಗಲಿ ಕಡೆಯಿಂದ ತಾಯಿ ಜೊತೆ ಬಂದ ಕೂಸು ಎಂದು ಇನ್ನೊಬ್ಬರು ಹೇಳುತ್ತಾರೆ.

2. ಹಿರಿಯರನ್ನು ಸುತ್ತಿ ಬಳಸಿ ಕೇಳಿ

‘ಆತ ಯಾರ ಮಗ?’ ಎಂದು ನೇರ ಕೇಳಿದರೆ ಮಾತು ಅಲ್ಲೇ ನಿಲ್ಲುತ್ತದೆ. ಮರ್ಯಾದೆ ಪ್ರಶ್ನೆ. ಅದರ ಬದಲು ರೂಢಿಗಳನ್ನು ಕೇಳಿ. ‘ಅಜ್ಜಿ, ಯಾರ ಮನ್ಯಾಗ ಸಾವಾದ್ರ ನಾವು ಸೂತಕ ಹಿಡೀತಿದ್ವಿ?’ ‘ಯಾವ ಮನಿಯವರು ಅಣ್ಣತಮ್ಮರು, ಯಾವ ಮನಿ ಜೋಡಿ ಬೀಗತನ?’ ‘ಮಕ್ಕಳ ಜವಳ ಎಲ್ಲಿ ತೆಗಿಸ್ತಿದ್ರು?’ ಮಕ್ಕಳ ತಂದೆ ಯಾರು ಎಂಬ ಗುಟ್ಟನ್ನು ಬಿಟ್ಟುಕೊಡದ ಅಜ್ಜಿ ಇದನ್ನೆಲ್ಲ ಸಲೀಸಾಗಿ ಹೇಳುತ್ತಾಳೆ. ಊರಲ್ಲಿ ಉಳಿದವರೆಲ್ಲ ಹುಲಿಗೆಮ್ಮನಿಗೆ ನಡೆದುಕೊಳ್ಳುವಾಗ ನಿಮ್ಮ ಮನೆಯವರು ಮಾತ್ರ ಹೊಳೆ ದಾಟಿ ಮೈಲಾರಕ್ಕೆ ಹೋಗುತ್ತಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ದೊಡ್ಡ ಮನೆಯವರ ಮಗಳನ್ನು ನಿಮ್ಮ ಮನೆಗೆ ತಂದುಕೊಂಡಿದ್ದರೆ ಇನ್ನೂ ಮುಖ್ಯ. ಒಂದೇ ರಕ್ತದ ಅಣ್ಣತಮ್ಮರು ಎಂದು ಊರು ನಂಬಿದ್ದರೆ ಆ ಮದುವೆ ನಡೆಯುತ್ತಿರಲಿಲ್ಲ.

ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಘಟನೆ ಕೇಳಿ. ಊರಲ್ಲಿ ಇನ್‌ಫ್ಲುಯೆಂಜಾ ಬಂದಿದ್ದು 1918ರಲ್ಲಿ. ರಜಾಕಾರರ ಗಲಾಟೆ 1947–48. ತುಂಗಭದ್ರಾ ಅಣೆಕಟ್ಟಿನ ನೀರಿಗೆ ಹಳ್ಳಿಗಳು ಮುಳುಗಿದ್ದು 1950ರ ದಶಕದ ಆರಂಭ. ಸಂವತ್ಸರದ ಹೆಸರು ಹೇಳಿದರೆ ಲೆಕ್ಕ ಹಾಕಬಹುದು, ಆದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಧಾತು ಎಂದರೆ ಮಹಾ ಬರದ 1876–77 ಇರಬಹುದು, 1936–37 ಕೂಡ ಇರಬಹುದು.

3. ಹೊಳೆಯ ಯಾವ ದಂಡೆ?

ಕಾಗದ ಎಲ್ಲಿದೆ, ಯಾವ ಭಾಷೆಯಲ್ಲಿದೆ ಎಂಬುದು ಇದರ ಮೇಲೆ ನಿಂತಿದೆ. ದಕ್ಷಿಣ ದಂಡೆಯ ಬಳ್ಳಾರಿಯನ್ನು 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ. ಅದು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿ ಲೆಕ್ಕ ಬರೆದವರು ಕರಣಂ ಅಥವಾ ಶಾನುಭೋಗರು, ಕನ್ನಡದಲ್ಲಿ, ಕೆಲವೆಡೆ ತೆಲುಗಿನಲ್ಲಿ. ಉತ್ತರ ದಂಡೆಯ ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು, ಆಮೇಲೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಉಳಿದವು. ಅಲ್ಲಿನ ದಫ್ತರ ಉರ್ದು. ಕುಲಕರ್ಣಿ, ಮಾಲಿಪಾಟೀಲ, ಪೊಲೀಸ್‌ಪಾಟೀಲ ಎಂಬ ಅಡ್ಡಹೆಸರುಗಳು ಆ ಕಾಲದ ಹುದ್ದೆಗಳೇ.

ಇದರಲ್ಲೂ ಒಳಸುಳಿಗಳಿವೆ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಸಂಡೂರು 1949ರವರೆಗೆ ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನ. ಹಳೇ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಹೋದವು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಪಾಪ, ಅದರ ಕಡತಗಳೂ ಅಷ್ಟೇ ಸುತ್ತಿರಬೇಕು.

4. ಪೌತಿ ಖಾತೆಯ ಪುಟ ಹುಡುಕಿ

ನನ್ನ ಮಟ್ಟಿಗೆ ಇಡೀ ಹುಡುಕಾಟದ ಜೀವ ಇಲ್ಲಿದೆ. ಪಹಣಿಯಲ್ಲಿ ಹೊಲ ಯಾರದು ಎಂದಷ್ಟೇ ಇರುತ್ತದೆ. ಹೊಲದ ಒಡೆಯ ಸತ್ತ ಮೇಲೆ ಹೆಸರು ಬದಲಾಯಿಸಿದ ಪುಟದಲ್ಲಿ, ಅಂದರೆ ಮ್ಯುಟೇಶನ್ ರಿಜಿಸ್ಟರಿನ ಪೌತಿ ಖಾತೆಯಲ್ಲಿ, ವಾರಸುದಾರರೆಲ್ಲ ಸಾಲಾಗಿ ಸಿಗುತ್ತಾರೆ. ಹೆಂಡತಿ ಇಂಥವಳು, ಮಗ ಇಂಥವನು ವಯಸ್ಸು 20, ಇನ್ನೊಬ್ಬ ಮಗ ವಯಸ್ಸು 12, ಮೈನರ್, ತಾಯಿಯೇ ಪಾಲಕಿ. ಯಾರ ಹೆಸರಿದೆ ಎನ್ನುವಷ್ಟೇ ಯಾರ ಹೆಸರಿಲ್ಲ ಎನ್ನುವುದನ್ನೂ ನೋಡಿ. ದೊಡ್ಡ ಮನೆಯ ಯಜಮಾನ ಸತ್ತಾಗ ಮೂವರು ಗಂಡುಮಕ್ಕಳ ಹೆಸರು ಏರಿ, ಅದೇ ಮನೆಯಲ್ಲಿ ಬೆಳೆದ ನಿಮ್ಮ ಮುತ್ತಜ್ಜನ ಹೆಸರು ಏರದಿದ್ದರೆ ಅದೊಂದು ಸುಳಿವು. ಕೆಲವು ವರ್ಷ ಬಿಟ್ಟು ಎರಡು ಎಕರೆ ಅವನ ಹೆಸರಿಗೆ ಸುಮ್ನೆ ಬಂದಿದ್ದರೆ ಅದು ಇನ್ನೊಂದು ಸುಳಿವು. ಆ ಎರಡು ಎಕರೆಯ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಯಾಕೆ ಕೊಟ್ಟರು ಎಂದು ಅದರಲ್ಲೇ ಬರೆದಿರುವುದುಂಟು.

ಉರ್ದು ದಾಖಲೆಯಲ್ಲಿ ಕೆಲವು ಪದ ಗೊತ್ತಿದ್ದರೆ ಸಾಕು. ‘ವಲ್ದ್’ ಎಂದರೆ ಇಂಥವನ ಮಗ, ‘ಜೌಜೆ’ ಎಂದರೆ ಇಂಥವನ ಹೆಂಡತಿ, ‘ಮುತಬನ್ನಾ’ ಎಂದರೆ ದತ್ತುಮಗ. ಕೊನೆಯ ಪದ ಕಂಡರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಕೈಬರಹ ಮಾತ್ರ ಶಿಕಸ್ತಾ, ಅಕ್ಷರ ಅಕ್ಷರಕ್ಕೆ ಹೊಸೆದುಕೊಂಡಿರುತ್ತದೆ. ಪತ್ರಿಕೆಯ ಉರ್ದು ಓದುವವರಿಗೂ ಅದು ಕಷ್ಟ. ಹಳೇ ಕಂದಾಯ ಕಾಗದ ಓದಿ ಪಳಗಿದ ನಿವೃತ್ತ ಗುಮಾಸ್ತರನ್ನೋ ವಕೀಲರನ್ನೋ ಹುಡುಕಿ.

ಇಸವಿಯ ಜಾಗದಲ್ಲಿ 1345 ಎಂದಿದ್ದರೆ ಗಾಬರಿಯಾಗಬೇಡಿ, ಅದು ಫಸಲಿ, ಕಂದಾಯ ಲೆಕ್ಕದ ವರ್ಷ. 590 ಕೂಡಿಸಿ, 1935–36 ಆಗುತ್ತದೆ. ಮದ್ರಾಸ್ ಕಡೆ ಜುಲೈಗೆ, ನಿಜಾಮನ ಕಡೆ ಅಕ್ಟೋಬರಿಗೆ ಆ ವರ್ಷ ಶುರು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡಿ. ಸರ್ವೆ ನಂಬರ್ ಇಲ್ಲದೆ ಹೋದರೆ ಬರಿಗೈಲಿ ವಾಪಸ್. ಈಗಿನ ಪಹಣಿಯಿಂದ ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳ ಸ್ಕ್ಯಾನಿಂಗ್ ನಡೆದಿದೆ, ಮೊದಲು ಅದನ್ನು ವಿಚಾರಿಸಿ. ಉತ್ತರವೇ ಬರದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಇದ್ದೇ ಇದೆ. ಇನಾಂ ಅಥವಾ ವತನದ, ಅಂದರೆ ಸೇವೆಗಾಗಿ ಹೊಲ ಬಿಡಿಸಿಕೊಂಡ ಮನೆತನವಾದರೆ ಅದೃಷ್ಟ, ಹಕ್ಕಿನ ವಿಚಾರಣೆಯ ಕಡತದಲ್ಲಿ ವಂಶಾವಳಿಯೇ ಸಿಗಬಹುದು. ನಾಡಕಚೇರಿಯಲ್ಲಿ ಈಗ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನು ಮಾತ್ರ ಸಾಕ್ಷಿ ಎಂದುಕೊಳ್ಳಬೇಡಿ. ನೀವು ಹೇಳಿದ್ದನ್ನೇ ಅದು ನಿಮಗೆ ತಿರುಗಿಸಿ ಹೇಳುತ್ತದೆ.

5. ಶಾಲೆ, ಜನನ ರಿಜಿಸ್ಟರ್, ಹೆಳವರು

ಮುತ್ತಜ್ಜ ಶಾಲೆಗೆ ಹೋಗಿರಲಿಕ್ಕಿಲ್ಲ. ಅವನ ಮಕ್ಕಳು ಹೋಗಿರಬಹುದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಜಾತಿ, ಊರು ಇರುತ್ತವೆ. ಹುಟ್ಟಿದ ದಿನ ನಂಬಬೇಡಿ. ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ, ಅದು ಮೇಷ್ಟ್ರ ಕೃಪೆ. ಆದರೆ ತಂದೆಯ ಕಾಲಂನಲ್ಲಿ ಹೆಂಗಸಿನ ಹೆಸರು ಕಂಡರೆ ಮೇಷ್ಟ್ರು ಕೈತಪ್ಪಿ ಬರೆದದ್ದಲ್ಲ. ದೇವದಾಸಿ ತಾಯಂದಿರ ಮಕ್ಕಳಿಗೆ ಹಾಗೆ ಬರೆಸುತ್ತಿದ್ದರು.

1969ರ ಕಾಯ್ದೆಗೆ ಮುಂಚಿನ ಜನನ ರಿಜಿಸ್ಟರುಗಳು ತೂತು ಬಿದ್ದ ಜರಡಿ. ಸಿಕ್ಕರೂ ಮಗುವಿನ ಹೆಸರಿರದೆ ‘ಗಂಡು’ ಎಂದಷ್ಟೇ ಇರುವುದುಂಟು. ಬಳ್ಳಾರಿ ದಂಡಿನ ಪ್ರದೇಶದ ಕ್ರೈಸ್ತ ಮನೆತನವಾದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಿ. ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳ ನಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇದೆ.

ಹೆಳವರನ್ನು ಮರೆಯಬೇಡಿ. ಎತ್ತು ಹೊಡೆದುಕೊಂಡು ಊರೂರು ತಿರುಗಿ ಮನೆತನದ ಹೆಸರು ಒಪ್ಪಿಸುತ್ತಿದ್ದವರು. ಅವರ ಪುಸ್ತಕದಲ್ಲಿ ಮೂಲ ಊರು, ಅಲ್ಲಿಂದ ಎದ್ದು ಬಂದ ಕಾರಣ, ಕವಲೊಡೆದ ಅಣ್ಣತಮ್ಮರು ಸಿಗುತ್ತಾರೆ. ನಿಮ್ಮ ಮನೆತನಕ್ಕೆ ನಡೆದುಕೊಳ್ಳುವ ಹೆಳವರು ಯಾರು ಎಂದು ಮೊದಲು ತಿಳಿದುಕೊಳ್ಳಿ, ಬೇರೆಯವರ ಬಳಿ ನಿಮ್ಮ ಪುಟ ಇರುವುದಿಲ್ಲ. ಕಾಳು, ಬಟ್ಟೆ, ದುಡ್ಡು ಕೊಡುವ ಮನೆಯ ಕಥೆಯನ್ನು ಅವರೂ ಸ್ವಲ್ಪ ಚಂದ ಮಾಡಿಯೇ ಹೇಳುತ್ತಾರೆ. ಹಾಡಿದ್ದಕ್ಕಿಂತ ಬರೆದದ್ದನ್ನು ಜಾಸ್ತಿ ನಂಬಿ.

6. ಈಗ ಡಿಎನ್‌ಎ

ಪ್ರಶ್ನೆ ‘ಈ ಮನೆಯೋ, ಆ ಮನೆಯೋ’ ಎಂಬಲ್ಲಿಗೆ ಬಂದ ಮೇಲೆ ಪರೀಕ್ಷೆಗೆ ಅರ್ಥವಿದೆ. ನಮ್ಮ ಉದಾಹರಣೆಗೆ ಸರಿಹೊಂದುವುದು ವೈ ಕ್ರೋಮೊಸೋಮ್. ಅದು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ, ಎಷ್ಟು ತಲೆಮಾರಾದರೂ. ಮುತ್ತಜ್ಜನ ಮಗನ ಮಗ ಒಬ್ಬ, ದೊಡ್ಡ ಮನೆಯ ಗಂಡು ಸಂತತಿಯವ ಒಬ್ಬ, ಹಡಗಲಿ ಕಡೆಯ ಮನೆಯವ ಒಬ್ಬ. ಮೂವರ ಮಾದರಿ ಹೋಲಿಸಿದರೆ ಯಾರ ಕಡೆ ಎಂದು ಕಾಣುತ್ತದೆ. ಸಾಧ್ಯವಾದರೆ ಪ್ರತಿ ಮನೆಯಿಂದ ಬೇರೆ ಬೇರೆ ಕವಲಿನ ಇಬ್ಬರನ್ನು ತೆಗೆದುಕೊಳ್ಳಿ. ಹೊಂದಿಕೆ ಆಗದಿದ್ದರೆ ಕೊಂಡಿ ಕಳಚಿದ್ದು ಮುತ್ತಜ್ಜನ ಹತ್ತಿರವೋ, ಆಮೇಲೆ ಇನ್ನೆಲ್ಲೋ ಎಂದು ತಿಳಿಯಲು ಅದು ಬೇಕು. ಒಂದು ಮಿತಿ ನೆನಪಿಡಿ. ಅಣ್ಣತಮ್ಮಂದಿರೆಲ್ಲರಿಗೂ ವೈ ಒಂದೇ. ದೊಡ್ಡ ಮನೆ ಎಂದು ಅದು ಹೇಳೀತು, ಆ ಮನೆಯ ಯಜಮಾನನೋ ಅವನ ತಮ್ಮನೋ ಎಂದು ಹೇಳಲಾರದು.

ತಾಯಿ ಯಾರು ಎಂಬ ಅನುಮಾನಕ್ಕೆ ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಕ್ಕಳೆಲ್ಲರಿಗೂ ಬರುತ್ತದೆ, ಆದರೆ ಮುಂದಕ್ಕೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಮುತ್ತಜ್ಜನದು ಅವನ ಮಕ್ಕಳಿಗೆ ಬಂದಿಲ್ಲ. ಹಾಗಾಗಿ ಅವನ ಒಡಹುಟ್ಟಿದ ಅಕ್ಕತಂಗಿಯರ ಹೆಣ್ಣು ಸಂತತಿ ಹುಡುಕಬೇಕು. ನಮ್ಮ ಕಡೆ ಹಿರಿ ಹೆಂಡತಿಯ ತಂಗಿಯನ್ನೇ ಎರಡನೆಯವಳಾಗಿ ತಂದುಕೊಳ್ಳುವುದಿತ್ತು. ಹಾಗಾಗಿದ್ದರೆ ಈ ಪರೀಕ್ಷೆಗೆ ದುಡ್ಡು ಹಾಕಬೇಡಿ, ಇಬ್ಬರದೂ ಒಂದೇ ಬರುತ್ತದೆ.

ಮೂರನೆಯದು, ಕಂಪನಿಗಳು ಜಾಹೀರಾತು ಕೊಡುವ ಆಟೊಸೋಮಲ್ ಪರೀಕ್ಷೆ. ಇಬ್ಬರ ನಡುವೆ ಎಷ್ಟು ಡಿಎನ್‌ಎ ಸಮಾನವಾಗಿದೆ ಎಂದು ಸೆಂಟಿಮಾರ್ಗನ್ ಎಂಬ ಅಳತೆಯ ಲೆಕ್ಕದಲ್ಲಿ ಹೇಳುತ್ತದೆ. ತಂದೆ ಒಬ್ಬನೇ ಆಗಿ ತಾಯಿ ಬೇರೆಯಾದ ಅಣ್ಣತಮ್ಮರಲ್ಲಿ ಸರಾಸರಿ 1,750ರ ಆಸುಪಾಸು. ಅವರ ಮಕ್ಕಳ ನಡುವೆ 450ರ ಹತ್ತಿರ. ಮೊಮ್ಮಕ್ಕಳ ನಡುವೆ 120ಕ್ಕೆ ಇಳಿಯುತ್ತದೆ. ಅದಕ್ಕೇ ಮನೆಯಲ್ಲಿ ಬದುಕಿರುವ ಅತಿ ಹಿರಿಯರ ಮಾದರಿ ಮೊದಲು ತೆಗೆಸಿ. ನಿಮ್ಮದು ಆಮೇಲೆ ಆದೀತು. ಮುತ್ತಜ್ಜನ ಎಂಬತ್ತು ದಾಟಿದ ಮಗಳ ಕೆನ್ನೆಯ ಒಳಗೆ ಸವರಿದ ಒಂದು ಹತ್ತಿಕಡ್ಡಿ ನಿಮ್ಮ ಹತ್ತು ಕಿಟ್‌ಗಿಂತ ಹೆಚ್ಚು ಹೇಳುತ್ತದೆ.

ಆದರೆ ಈ ಅಂಕಿಗಳು ಹೊರಗಿನವರನ್ನು ಮದುವೆಯಾಗುವ ಸಮಾಜದ ಸರಾಸರಿ. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳು, ಅತ್ತೆಯ ಮಗನಿಗೆ ಮಾವನ ಮಗಳು. ಹೀಗೆ ನಾಲ್ಕು ತಲೆಮಾರು ನಡೆದ ಮನೆಯಲ್ಲಿ ದೂರದ ನೆಂಟ ಕೂಡ ಪರೀಕ್ಷೆಯಲ್ಲಿ ಹತ್ತಿರದವನಾಗಿ ಕಾಣುತ್ತಾನೆ. ವೆಬ್‌ಸೈಟ್ ‘ಚಿಕ್ಕಪ್ಪನ ಮಗ’ ಎಂದು ತೋರಿಸಿದವನು ಮೂರು ದಾರಿಯಿಂದ ಬಂದ ದೂರದ ಸಂಬಂಧಿ ಇರಬಹುದು. ಇದಕ್ಕೆ ಒಂದು ಉಪಾಯವಿದೆ. ಅದೇ ಊರಿನ, ಅದೇ ಜಾತಿಯ, ಆದರೆ ನಿಮಗೆ ಸಂಬಂಧವಿಲ್ಲವೆಂದು ಗೊತ್ತಿರುವ ಒಬ್ಬಿಬ್ಬರ ಮಾದರಿಯನ್ನೂ ಜೊತೆಗೆ ಪರೀಕ್ಷೆ ಮಾಡಿಸಿ. ಅವರ ಜೊತೆಯೇ 80 ಬಂದರೆ, ಬೇರೊಬ್ಬರ ಜೊತೆ ಬಂದ 120ಕ್ಕೆ ಎಷ್ಟು ಬೆಲೆ ಕೊಡಬೇಕು ಎಂದು ಗೊತ್ತಾಗುತ್ತದೆ. ಚೂರುಪಾರು ತುಂಡುಗಳ ಮೊತ್ತಕ್ಕಿಂತ ಉದ್ದನೆಯ ತುಂಡುಗಳನ್ನು ನೋಡಿ.

ಒಪ್ಪಿಗೆ ಇಲ್ಲದೆ ಯಾರ ಮಾದರಿಯನ್ನೂ ತೆಗೆಯಬೇಡಿ. ಅಜ್ಜಿಗೆ ಏನಕ್ಕೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ, ಬೇಡ ಎಂದರೆ ಬಿಟ್ಟುಬಿಡಿ. ಫಲಿತಾಂಶ ಕೈಗೆ ಬಂದ ಮೇಲೆ ಡೇಟಾ ಇಳಿಸಿಕೊಂಡು ಖಾತೆ ಅಳಿಸುವುದು ಒಳ್ಳೆಯದು. ಡಿಎನ್‌ಎ ಪರೀಕ್ಷೆ ಮಾಡುವ ಅಮೆರಿಕದ ಕಂಪನಿ 23ಆ್ಯಂಡ್‌ಮಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ, ತಮ್ಮ ಡಿಎನ್‌ಎ ಯಾರ ಕೈ ಸೇರುತ್ತದೆ ಎಂದು ಲಕ್ಷಾಂತರ ಗ್ರಾಹಕರು ಕಂಗಾಲಾಗಿದ್ದರು.

7. ಆಸ್ತಿಯ ಮಾತು ಬಂದರೆ

ಮನೆಯಲ್ಲೇ ತೆಗೆದ ಮಾದರಿಯ ವರದಿಯನ್ನು ನೆಚ್ಚಿಕೊಂಡು ಕೋರ್ಟಿಗೆ ಹೋಗಲಾಗದು. ಅಲ್ಲಿ ಮಾದರಿ ಯಾರದು, ಯಾರ ಎದುರಿಗೆ ತೆಗೆದದ್ದು ಎಂಬುದಕ್ಕೆ ದಾಖಲೆ ಬೇಕು. ಹೈದರಾಬಾದಿನ ಸಿಡಿಎಫ್‌ಡಿಯಂಥ ಸರ್ಕಾರಿ ಡಿಎನ್‌ಎ ಪ್ರಯೋಗಾಲಯಗಳಿಗೆ ಇಂಥ ಪ್ರಕರಣ ಕೋರ್ಟಿನ ಮೂಲಕವೇ ಹೋಗುತ್ತದೆ. ಕೋರ್ಟುಗಳೂ ಕೇಳಿದ ತಕ್ಷಣ ಪರೀಕ್ಷೆಗೆ ಆದೇಶ ಕೊಡುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಪ್ರಕಾರ ಮದುವೆ ಊರ್ಜಿತವಿದ್ದಾಗ ಹುಟ್ಟಿದ ಮಗು ಆ ಗಂಡನದೇ. ಆ ಸಮಯದಲ್ಲಿ ಗಂಡ ಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಬೇರೆ ಮಾತು. ಗಂಡ ಸತ್ತ ಮೇಲೆ 280 ದಿನದೊಳಗೆ, ತಾಯಿ ಮರುಮದುವೆಯಾಗದೆ ಹುಟ್ಟಿದ ಮಗುವಿಗೂ ಇದೇ ನಿಯಮ. ದೇವದಾಸಿಯರ ಮಕ್ಕಳ ವಿಷಯ ಬೇರೆ. ತಂದೆ ಯಾರೆಂದು ಗುರುತಿಸಿಕೊಳ್ಳಲು ಅವರಿಗೆ ದಾರಿ ಮಾಡಿಕೊಡುವ ಮಸೂದೆಯನ್ನು ನಮ್ಮ ವಿಧಾನಮಂಡಲ 2025ರಲ್ಲಿ ಒಪ್ಪಿದೆ.

ಹೊಲದ ಮೇಲೆ ಕಣ್ಣಿದ್ದರೆ ಹತ್ತಿಕಡ್ಡಿ ಬಿಚ್ಚುವ ಮೊದಲೇ ವಕೀಲರ ಹತ್ತಿರ ಹೋಗಿ. ಹೋಗುವಾಗ ಪೌತಿ ಖಾತೆಯ ದೃಢೀಕೃತ ನಕಲು ಕೈಯಲ್ಲಿರಲಿ, ಅವರು ಮೊದಲು ಕೇಳುವುದು ಅದನ್ನೇ.