ಚಿನ್ನಿಯ ಕಣ್ಣಿನ ಪೊರೆ: ಆಪರೇಷನ್ ಡಾಕ್ಟರದು, ಡ್ರಾಪ್ಸ್ ನಮ್ಮದು

ನಮ್ಮ ಪಾಮೇರಿಯನ್ ಚಿನ್ನಿಗೆ ಸಕ್ಕರೆ ಕಾಯಿಲೆ. ಎರಡು ಹೊತ್ತೂ ಇನ್ಸುಲಿನ್. ಇಂಥ ನಾಯಿಗಳಲ್ಲಿ ಹೆಚ್ಚಿನವಕ್ಕೆ ವರ್ಷ, ಒಂದೂವರೆ ವರ್ಷದೊಳಗೆ ಪೊರೆ ಬರುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ರಕ್ತದ ಸಕ್ಕರೆ ಕಣ್ಣಿನ ಮಸೂರದೊಳಗೆ, ಅಂದರೆ ಲೆನ್ಸ್ ಒಳಗೆ, ಹೋಗಿ ಸಾರ್ಬಿಟಾಲ್ ಅನ್ನೋ ವಸ್ತು ಆಗುತ್ತದೆ. ಅದು ನೀರು ಎಳೆದುಕೊಂಡು ಮಸೂರ ಊದಿ ಬೆಳ್ಳಗಾಗುತ್ತದೆ. ಚಿನ್ನಿಗೆ ಆಗಿದ್ದೂ ಅದೇ. ನೋಡ ನೋಡುತ್ತಲೇ ಎರಡೂ ಕಣ್ಣು ಬೆಳ್ಳಗಾಗಿ, ಬಾಗಿಲಿಗೆ ಡಿಕ್ಕಿ ಹೊಡೆಯೋಕೆ ಶುರು ಮಾಡಿದಳು.

ವಯಸ್ಸಾದ ನಾಯಿಯ ಕಣ್ಣು ಸ್ವಲ್ಪ ನೀಲಿ ಮಬ್ಬಾದ ಕೂಡಲೇ ಪೊರೆ ಅಂದುಕೊಳ್ಳಬೇಡಿ. ಅದು ಬರೀ ವಯಸ್ಸಿನ ಮಬ್ಬಾಗಿದ್ದರೆ ದೃಷ್ಟಿಗೆ ಅಷ್ಟೇನೂ ತೊಂದರೆ ಇರಲ್ಲ, ಆಪರೇಷನ್ನೂ ಬೇಡ. ಪೊರೆಯೇ ಆದರೆ ಸುಮ್ನೆ ಕಾಯುತ್ತಾ ಕೂರಬಾರದು. ಹಣ್ಣಾದ ಪೊರೆಯಿಂದ ಕಣ್ಣೊಳಗೆ ಉರಿಯೂತ ಬಂದರೆ ಆಪರೇಷನ್ ಕಷ್ಟವಾಗುತ್ತದೆ.

ಆಪರೇಷನ್‌ಗೆ ಮುಂಚೆ ಎರಡು ಪರೀಕ್ಷೆ ಮಾಡಿದರು. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸೋ ಪರದೆ, ಕೆಲಸ ಮಾಡುತ್ತಿದೆಯಾ ಅಂತ ನೋಡೋಕೆ ಇಆರ್‌ಜಿ, ಅದು ಕಿತ್ತುಕೊಂಡಿಲ್ಲ ತಾನೆ ಅಂತ ನೋಡೋಕೆ ಅಲ್ಟ್ರಾಸೌಂಡ್. ರೆಟಿನಾನೇ ಹೋಗಿದ್ದರೆ ಪೊರೆ ತೆಗೆದ ಜಾಗಕ್ಕೆ ಹೊಸ ಲೆನ್ಸ್ ಹಾಕಿ ಏನು ಪ್ರಯೋಜನ? ಪೂರ್ತಿ ಅರಿವಳಿಕೆ ಕೊಟ್ಟು, ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆದರು. ಮನುಷ್ಯರಿಗೆ ಮಾಡೋ ಫೇಕೋ ವಿಧಾನವೇ. "ಮನುಷ್ಯರ ಲೆನ್ಸೇ ಹಾಕಿಸಬಹುದಲ್ವಾ?" ಅಂತ ಪಕ್ಕದ ಮನೆಯವರು ಕೇಳಿದರು. ಆಗಲ್ಲ. ಲೆನ್ಸಿನ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ; ನಮಗೆ ಸುಮಾರು 20 ಡಯಾಪ್ಟರ್ ಸಾಕು, ನಾಯಿಗೆ 41ರ ಹತ್ತಿರ ಬೇಕು.

ಇನ್ನು ಡ್ರಾಪ್ಸ್. ಆಪರೇಷನ್‌ಗೆ ಮುಂಚಿನಿಂದಲೇ ಡಾಕ್ಟರ್ ಹೇಳಿದ ಕೃತಕ ಕಣ್ಣೀರಿನ ಡ್ರಾಪ್ಸ್ ಹಾಕಿ ಅವಳಿಗೆ ಅಭ್ಯಾಸ ಮಾಡಿಸಿದ್ದೆ. ಇದರಷ್ಟು ಉಪಯೋಗಕ್ಕೆ ಬಂದಿದ್ದು ಇನ್ನೊಂದಿಲ್ಲ. ಎದುರಿಗೆ ಬಾಟಲಿ ಹಿಡಿದುಕೊಂಡು ಹೋದರೆ ನಾಯಿ ಹಿಂದೆ ಸರಿಯುತ್ತದೆ. ನಾನು ನೆಲದ ಮೇಲೆ ಕಾಲು ಚಾಚಿ ಕೂತು, ಅವಳ ಬೆನ್ನು ನನ್ನ ಹೊಟ್ಟೆಗೆ ಬರುವಂತೆ ಕೂರಿಸಿಕೊಳ್ಳುತ್ತಿದ್ದೆ. ಎಡಗೈಯಲ್ಲಿ ಗದ್ದ ಎತ್ತಿ, ಬಲಗೈಯನ್ನು ತಲೆಯ ಹಿಂದಿನಿಂದ ತಂದು, ಅದೇ ಕೈಯ ಕಿರುಬೆರಳಿನಿಂದ ಮೇಲಿನ ರೆಪ್ಪೆ ಎಳೆದು ಒಂದು ಹನಿ. ಬಾಟಲಿಯ ತುದಿ ಕಣ್ಣಿಗೆ ತಾಕಬಾರದು. ಹಾಲಿನಂತಿರೋ ಸ್ಟೀರಾಯ್ಡ್ ಡ್ರಾಪ್ಸ್ ಚೆನ್ನಾಗಿ ಕುಲುಕಬೇಕು, ಔಷಧಿ ತಳದಲ್ಲಿ ಕೂತಿರುತ್ತದೆ. ಒಂದು ಡ್ರಾಪ್ಸ್ ಹಾಕಿ ಇನ್ನೊಂದಕ್ಕೆ ಹತ್ತು ನಿಮಿಷ ಬಿಡುತ್ತಿದ್ದೆ, ಇಲ್ಲಾಂದ್ರೆ ಮೊದಲನೆಯದನ್ನು ಎರಡನೆಯದು ತೊಳೆದುಬಿಡುತ್ತದೆ. ಫ್ರಿಜ್ ಮೇಲೆ ಚೀಟಿ ಅಂಟಿಸಿ, ಹಾಕಿದವರು ಗೀಟು ಎಳೆಯಬೇಕು ಅಂತ ಮಾಡಿದ್ದೆವು. ದಿನವಿಡೀ ಮನೆಯಲ್ಲಿ ಯಾರೂ ಇರಲ್ಲ ಅನ್ನೋರು ಆಪರೇಷನ್ ಡೇಟ್ ತಗೊಳ್ಳೋ ಮುಂಚೆ ಇದನ್ನು ಯೋಚಿಸಿ.

ಕಣ್ಣು ಕೆರೆದುಕೊಳ್ಳದಂತೆ ಕುತ್ತಿಗೆಗೆ ಕೋನ್ ಹಾಕಿದ ನಾಯಿಯನ್ನು ನೋಡಿ ಅಮ್ಮನಿಗೆ ಕರುಳು ಚುರುಕ್. "ರಾತ್ರಿಯಾದ್ರೂ ಬಿಚ್ಚೋ, ಪಾಪ" ಅಂತ ದಿನಾ ಒಂದೇ ರಾಗ. ನಾನು ಬಿಚ್ಚಲಿಲ್ಲ. ಒಂದು ಸಲ ಕಾಲಿಂದ ಕೆರೆದುಕೊಂಡರೆ ಹೊಲಿಗೆ ಬಿಟ್ಟುಕೊಳ್ಳಬಹುದು. ತಟ್ಟೆಯನ್ನು ಮಣೆ ಮೇಲಿಟ್ಟ ಮೇಲೆ ಕೋನ್ ಇದ್ದರೂ ಆರಾಮಾಗಿ ತಿಂದಳು. ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕೋ ಹಾರ್ನೆಸ್ ತಂದೆವು, ಕುತ್ತಿಗೆ ಬಿಗಿದರೆ ಕಣ್ಣಿನ ಒತ್ತಡ ಏರುತ್ತದೆ. ಬೊಗಳಿ ಕುಣಿಯಬಾರದು ಅಂತ ಕಾಲಿಂಗ್ ಬೆಲ್ಲನ್ನೂ ಆಫ್ ಮಾಡಿದ್ದಾಯಿತು.

ಪೊರೆಗಿಂತ ನನಗೆ ಹೆಚ್ಚು ಭಯ ಗ್ಲಾಕೋಮಾದ್ದು, ಅಂದರೆ ಕಣ್ಣೊಳಗಿನ ಒತ್ತಡ ಏರೋ ಕಾಯಿಲೆಯದ್ದು. ಕಣ್ಣು ಕೆಂಪಾಗೋದು, ಒಮ್ಮೆಲೇ ಮಬ್ಬಾಗೋದು, ಮುಚ್ಚಿಕೊಂಡೇ ಇರೋದು, ಊಟ ಬಿಟ್ಟು ಮುದುಡಿ ಮಲಗೋದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಒತ್ತಡ ಏರಿದರೆ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು. ಚಿನ್ನಿ ಈಗ ಗೋಡೆಯ ಹಲ್ಲಿ ಹಿಂದೆ ಓಡುತ್ತಾಳೆ. ಹಾಗಂತ ಡ್ರಾಪ್ಸ್ ಪೂರ್ತಿ ನಿಂತಿಲ್ಲ. ದಿನಕ್ಕೊಂದು ಹನಿ ನಡೀತಾ ಇದೆ, ಕೆಲವು ತಿಂಗಳಿಗೊಮ್ಮೆ ಒತ್ತಡ ಅಳೆಸಿಕೊಂಡು ಬರುತ್ತೇವೆ.