ಸ್ಟಡಿ ರೂಮಿನಲ್ಲಿ ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಾರಾ? ಮೊದಲು ಕಿಟಕಿ ನೋಡಿ

ಧಾರವಾಡದ ಸಪ್ತಾಪುರದಲ್ಲಿ ಹೆಜ್ಜೆಗೊಂದು ಕೋಚಿಂಗ್ ಕ್ಲಾಸ್, ಅದರ ಮಗ್ಗುಲಿಗೇ ಒಂದು ಸ್ಟಡಿ ರೂಂ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದುವವರು ಬೆಳಗ್ಗೆ ಬಂದು ಕೂತರೆ ಏಳುವುದು ರಾತ್ರಿಗೇ. ನಾನೂ ಹಾಗೆ ಎರಡು ವರ್ಷ ಕೂತವನು. ಆ ರೂಮಿಗೆ ಒಂದೇ ಬಾಗಿಲು. ಇದ್ದ ಎರಡು ಕಿಟಕಿಗೂ ಪ್ಲೈವುಡ್ ಬಡಿದು ಮೇಲೆ ಭೂಪಟ ಅಂಟಿಸಿದ್ದರು. ಮಧ್ಯಾಹ್ನ ಮೂರಾದರೆ ತಲೆ ಭಾರ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಊಟದ ಜಡ ಇರಬೇಕು ಅಂತ ಚಹಾ ಕುಡಿಯಲು ಹೊರಗೆ ಹೋದರೆ, ಚಹಾ ಬರುವ ಮೊದಲೇ ತಲೆ ಹಗುರ ಆಗಿರುತ್ತಿತ್ತು.

ಈಗ ಗೆಳೆಯರ ಜೊತೆ ಸೇರಿ 30 ಸೀಟಿನ ರೂಂ ನಡೆಸುತ್ತೇನೆ. ಅಲ್ಲಿ ಮಾಡಿ ನೋಡಿದ್ದನ್ನೇ ಬರೆಯುತ್ತಿದ್ದೇನೆ. ಬ್ಯಾಂಕ್, ಸರ್ಕಾರಿ ಕಚೇರಿ, ದವಾಖಾನೆಯ ಕಾಯುವ ಕೋಣೆ, ಎಲ್ಲಕ್ಕೂ ಇದೇ ಲೆಕ್ಕ.

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ, ಅಂದರೆ 420 ಪಿಪಿಎಂ. ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000. 20 ಅಡಿ ಅಗಲ, 25 ಅಡಿ ಉದ್ದ, 10 ಅಡಿ ಎತ್ತರದ ರೂಮಿನಲ್ಲಿ 30 ಜನ ಎಲ್ಲ ಮುಚ್ಚಿಕೊಂಡು ಕೂತರೆ, ಲೆಕ್ಕದ ಪ್ರಕಾರ ಅರ್ಧ ತಾಸಿಗೇ 2000 ದಾಟುತ್ತದೆ. ಅಷ್ಟಕ್ಕೆ ಅದು ವಿಷವೇನೂ ಆಗುವುದಿಲ್ಲ. ಆದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದೇವೆ ಅಂತ ಅದು ತೋರಿಸುತ್ತದೆ. ಒಬ್ಬರಿಗೆ ನೆಗಡಿ, ಫ್ಲೂ, ಕ್ಷಯ ಏನಿದ್ದರೂ ಅದೇ ದಾರಿಯಲ್ಲಿ ಉಳಿದವರಿಗೂ ಬರುತ್ತದೆ. ಎಸಿ ಇದೆಯಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ, ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಒಂದು ಊದಿನಕಡ್ಡಿ ಹಚ್ಚಿ. ಫ್ಯಾನ್ ಎಲ್ಲ ಬಂದ್ ಮಾಡಿ, ಕಿಟಕಿ ತೆಗೆದು, ಚೌಕಟ್ಟಿನ ಹತ್ತಿರ ಹಿಡಿದು ಹೊಗೆ ನೋಡಿ. ಒಳಗೆ ಬಾಗಿದರೆ ಗಾಳಿ ಬರುತ್ತಿದೆ, ಹೊರಗೆ ಬಾಗಿದರೆ ಹೋಗುತ್ತಿದೆ, ನೆಟ್ಟಗೆ ಮೇಲೇರಿದರೆ ಅಲ್ಲಿ ಏನೂ ನಡೆಯುತ್ತಿಲ್ಲ. ನಮ್ಮ ರೂಮಿನಲ್ಲಿ ಎರಡು ಕಿಟಕಿ ಒಂದೇ ಗೋಡೆಯಲ್ಲಿದ್ದವು, ಎರಡೂ ಕಡೆ ಹೊಗೆ ಅಲ್ಲಾಡಲಿಲ್ಲ. ಎದುರಿನ ಗೋಡೆಯ ಮೇಲ್ಗಡೆ ಮುಚ್ಚಿಹೋಗಿದ್ದ ವೆಂಟಿಲೇಟರ್ ಗಾಜು ತೆಗೆಸಿದ ಮೇಲೆ ಅದೇ ಕಿಟಕಿಯಲ್ಲಿ ಹೊಗೆ ಸರ್ರನೆ ಒಳಗೆ ಬಾಗಿತು. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೋಗುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬೆಳಕಿಂಡಿ ಬಿಡುತ್ತಿದ್ದರು ಅಲ್ವಾ, ಬೆಳಕಿನ ಜೊತೆಗೆ ಈ ಕೆಲಸವೂ ಅದರಿಂದ ಆಗುತ್ತಿತ್ತು.

ವೆಂಟಿಲೇಟರ್ ಸಾಲದಿದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಸಮಯದಲ್ಲಿ, 2021ರಲ್ಲಿ ಹೇಳಿತು. ಅಂದರೆ ತಾಸಿಗೆ 36 ಘನ ಮೀಟರ್, 30 ಜನಕ್ಕೆ 1080. ಫ್ಯಾನಿನ ಡಬ್ಬಿ ಮೇಲೆ ತಾಸಿಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಅಂತ ಬರೆದಿರುತ್ತದೆ, ಇಂಚು ನೋಡಿ ತರುವ ಬದಲು ಅದನ್ನು ಓದಿ ತನ್ನಿ. ಎಲ್ಲಿ ಹಾಕಬೇಕು ಅನ್ನುವುದರಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ತೆರೆದ ಬಾಗಿಲಿನ ಪಕ್ಕದಲ್ಲೇ ಫ್ಯಾನ್ ಹಾಕಿದರೆ, ಬಾಗಿಲಿನಿಂದ ಬಂದ ಗಾಳಿ ಅಲ್ಲೇ ತಿರುಗಿ ಹೊರಟುಹೋಗುತ್ತದೆ, ಮೂಲೆಯಲ್ಲಿ ಕೂತವನಿಗೆ ಏನೂ ಸಿಗುವುದಿಲ್ಲ. ಗಾಳಿ ಬರುವ ಕಡೆಗೆ ಎದುರು ಗೋಡೆಯಲ್ಲಿ, ಆದಷ್ಟು ದೂರ, ಎತ್ತರದಲ್ಲಿ ಇರಲಿ. ಎಲ್ಲ ಕಿಟಕಿ ಬಿಗಿಯಾಗಿ ಮುಚ್ಚಿ ಫ್ಯಾನ್ ಹಚ್ಚಿದರೆ ಸುಮ್ನೆ ಸದ್ದು ಅಷ್ಟೇ.

ಸಂಜೆಯಾದರೆ ಸೊಳ್ಳೆ ಅಂತ ಎಲ್ಲರೂ ಕಿಟಕಿ ಮುಚ್ಚುತ್ತಾರೆ, ಮೇಲೆ ಕಾಯಿಲ್ ಹಚ್ಚುತ್ತಾರೆ. ದಯವಿಟ್ಟು ಮುಚ್ಚಿದ ರೂಮಿನಲ್ಲಿ ಕಾಯಿಲ್ ಬೇಡ, ಆ ಸಣ್ಣ ಹೊಗೆ ನೇರ ಎದೆಗೆ ಇಳಿಯುತ್ತದೆ. ಕಿಟಕಿಗೆ ಜಾಳಿಗೆ ಹಾಕಿಸಿ. ಹಾಕಿಸಿದ ಮೇಲೆ ತೊಳೆಯುವುದನ್ನು ಮರೆಯಬೇಡಿ. ನಾವು ಎರಡು ತಿಂಗಳು ಬಿಟ್ಟು ಬಿಚ್ಚಿದಾಗ ಜಾಳಿಗೆಯ ಕಣ್ಣೆಲ್ಲ ಮುಚ್ಚಿ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು. ಈಗ ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿಯುತ್ತೇವೆ. ದೇವರ ಫೋಟೋಕ್ಕೆ ಊದಿನಕಡ್ಡಿ ಬೆಳಗುವುದಿದ್ದರೆ, ಜನ ಬರುವ ಮೊದಲು, ಕಿಟಕಿ ತೆರೆದು ಬೆಳಗಿ.

ಮಳೆಗಾಲ ನಮ್ಮ ಧಾರವಾಡದ ದೊಡ್ಡ ತೊಂದರೆ. ಜಿಟಿಜಿಟಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಎರಚಲು ಜಾಸ್ತಿ ಪಶ್ಚಿಮದಿಂದ ಬರುತ್ತದೆ, ಆ ಕಡೆ ಮುಚ್ಚಿದರೂ ಪೂರ್ವದ ಕಿಟಕಿ ಒಂದಿಷ್ಟು ತೆರೆದಿಡಿ. ಒದ್ದೆ ಛತ್ರಿ, ರೇನ್‌ಕೋಟ್ ಹೊರಗೇ ಇರಲಿ. ಗೋಡೆಯಲ್ಲಿ ಬೂಷ್ಟು ಬಂದರೆ ಅದರ ಮೇಲೆ ಬಣ್ಣ ಹೊಡೆಯಬೇಡಿ, ನೀರು ಎಲ್ಲಿಂದ ಜಿನುಗುತ್ತಿದೆ ಅಂತ ಹುಡುಕಿ ಮೊದಲು ಅದನ್ನು ನಿಲ್ಲಿಸಿ. ಇಲ್ಲದಿದ್ದರೆ ಬಣ್ಣ ಉಬ್ಬಿ ಮತ್ತೆ ಅದೇ ಮುಗ್ಗಲು ವಾಸನೆ.

ಬೇಸಿಗೆಯಲ್ಲಿ ಧೂಳು. ಒಣ ಕಸಬರಿಗೆಯಲ್ಲಿ ಗುಡಿಸಿದರೆ ನೆಲದ ಧೂಳು ಎದ್ದು ತಾಸುಗಟ್ಟಲೆ ತೇಲುತ್ತದೆ, ಜನ ಬರುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ರಸ್ತೆ ಕಡೆ ಕಿಟಕಿ ಇದ್ದರೆ ಟ್ರಾಫಿಕ್ ಜೋರಿದ್ದಾಗ ಮುಚ್ಚಿ, ಹಿತ್ತಲ ಕಡೆಯದು ತೆರೆಯಿರಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಹತ್ತಿರ ಕಚೇರಿ ಇರುವವರಿಗೂ ಇದೇ ಮಾತು, ಘಾಟು ಬರುವ ದಿಕ್ಕು ಬಿಟ್ಟು ಬೇರೆ ದಿಕ್ಕಿನಿಂದ ಗಾಳಿ ತೆಗೆದುಕೊಳ್ಳಿ. ಏರ್ ಪ್ಯೂರಿಫೈಯರ್ ಬೇಕಾಗುವುದು ಇಂಥ ಕಡೆ. ಹೆಪಾ ಫಿಲ್ಟರ್ ಇರುವುದು ಧೂಳು, ಹೊಗೆ ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಮಾತ್ರ ತೆಗೆಯುವುದಿಲ್ಲ. ಗದಗಿನ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಇಂಕು, ರೋಲರ್ ತೊಳೆಯುವ ದ್ರಾವಣದ ವಾಸನೆಗೂ ಆ ಫಿಲ್ಟರ್ ಸಾಲದು, ಮಷಿನ್ ಪಕ್ಕದಿಂದಲೇ ಎಕ್ಸಾಸ್ಟ್ ಹೊರಗೆ ಎಳೆಯಬೇಕು. ಡಬ್ಬಿಗಳಿಗೆ ಮುಚ್ಚಳ ಹಾಕಿಡಿ.

ಕೈಯಲ್ಲಿ ದುಡ್ಡಿದ್ದರೆ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತನ್ನಿ. ಎನ್‌ಡಿಐಆರ್ ಸೆನ್ಸರ್, ಅಂದರೆ ಇನ್‌ಫ್ರಾರೆಡ್ ಬೆಳಕಿನಿಂದ ಈ ಅನಿಲವನ್ನು ಅಳೆಯುವ ಸೆನ್ಸರ್, ಇದೆಯಾ ಅಂತ ಕೇಳಿಯೇ ತೆಗೆದುಕೊಳ್ಳಿ. ತಂದ ಮೇಲೆ ಮಾಳಿಗೆ ಮೇಲೆ ಒಯ್ದು ನೋಡಿ, 420ರ ಆಸುಪಾಸು ತೋರಿಸಬೇಕು. ರೂಮಿನಲ್ಲಿ ಕೂತವರ ತಲೆ ಎತ್ತರಕ್ಕೆ, ಕಿಟಕಿಯಿಂದ ದೂರ ಇಡಿ. 800ರ ಒಳಗಿದ್ದರೆ ನಮಗೆ ಖುಷಿ. 1000 ದಾಟಿದರೆ ಇನ್ನೊಂದು ಕಿಟಕಿ ತೆರೆಯುತ್ತೇವೆ, 1500 ಆದರೆ ಎಲ್ಲರನ್ನೂ ಹತ್ತು ನಿಮಿಷ ಚಹಾಕ್ಕೆ ಕಳಿಸಿ ಬಾಗಿಲು, ಕಿಟಕಿ ಎಲ್ಲ ತೆಗೆದಿಡುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ಚೂರೂ ಸಡಿಲ ಬೇಡ. ಕರೆಂಟ್ ಹೋದಾಗ ಜನರೇಟರ್ ಅನ್ನು ಮೆಟ್ಟಿಲ ಕೆಳಗೆ, ಪ್ಯಾಸೇಜಿನಲ್ಲಿ, ಕಿಟಕಿ ಪಕ್ಕ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಮೇಲೆ ಹೇಳಿದ ಕಾರ್ಬನ್ ಡೈಆಕ್ಸೈಡ್ ಮೀಟರ್ ಅದನ್ನು ತೋರಿಸುವುದೂ ಇಲ್ಲ. ಯಾರಿಗಾದರೂ ತಲೆನೋವು, ವಾಕರಿಕೆ, ತಲೆ ತಿರುಗು ಅಂತ ಶುರುವಾದರೆ ಮೊದಲು ಎಲ್ಲರನ್ನೂ ಬಯಲಿಗೆ ಕರೆದೊಯ್ಯಿರಿ, ಜನರೇಟರ್ ಬಂದ್ ಮಾಡಿಸಿ, ತಡಮಾಡದೆ ದವಾಖಾನೆಗೆ ಹೋಗಿ.